ಬಾಗಿಲು ಕೇಳಿದ್ದು

ಶಿಷ್ಯ ಮರುಳಪ್ಪ ಗುರುಗಳನ್ನು ಕೇಳಿದ: "ನಾನು ತಮ್ಮನಿಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೂ ಅವನು ನನ್ನಿಂದ ದೂರವಾಗುತ್ತಿದ್ದಾನೆ. ಇನ್ನೆಷ್ಟು ಸಲ ಹೇಳಲಿ?"

ಗುರುಗಳು ಹೇಳಿದರು:

ಪೇಟೆಯಲ್ಲಿ ಒಬ್ಬ ಔಷಧಿ ವ್ಯಾಪಾರಿಯಿದ್ದ. ಕಾಡಂಚಿನ ಒಂದು ಆಸ್ಪತ್ರೆಗೆ ಹಾವಿನ ವಿಷಕ್ಕೆ ಕೊಡುವ ಔಷಧಿಯನ್ನು ಅವನೇ ಕಳಿಸುತ್ತಿದ್ದ. ಅಲ್ಲಿ ಫೋನ್ ಸರಿಯಾಗಿ ಸಿಗದು. ಬೇಕಾದದ್ದನ್ನು ಅವರು ಇಮೇಲ್‌ನಲ್ಲಿ ಬರೆಯುತ್ತಿದ್ದರು.

ಒಂದು ಬೆಳಿಗ್ಗೆ ಅವನ ಕಂಪ್ಯೂಟರಿನ ಮೇಲ್ ತಂತ್ರಾಂಶ ಹೊಸ ಆವೃತ್ತಿಗೆ ಬದಲಾಗಿತ್ತು. ಅವನು ಪಾಸ್‌ವರ್ಡ್ ಕೊಟ್ಟ. ಒಳಗೆ ಬಿಡಲಿಲ್ಲ. ಬೆರಳು ತಪ್ಪಿರಬೇಕೆಂದು ಒಂದೊಂದೇ ಅಕ್ಷರ ಒತ್ತಿದ. ಆಗಲೂ ಬಿಡಲಿಲ್ಲ. ಅದು ಅವನ ತಾಯಿಯ ಹೆಸರು. ಮರೆಯುವ ಮಾತೇ ಇರಲಿಲ್ಲ. ಪ್ರತಿ ಸಲವೂ ಪರದೆಯ ಮೇಲೆ ನಾಲ್ಕು ಸಾಲು ಮೂಡುತ್ತಿತ್ತು. ಅವನು ಓದದೆ ಮುಚ್ಚುತ್ತಿದ್ದ. ಸರಿಯಾದದ್ದನ್ನೇ ಕೊಡುತ್ತಿರುವವನು ಓದುವುದೇನಿದೆ ಎಂದು ಅವನಿಗೆ ಅನಿಸಿತ್ತು. ಹೊಸದನ್ನು ತೆಗೆದು ಹಳೆಯ ಆವೃತ್ತಿಯನ್ನೇ ಮತ್ತೆ ಹಾಕಿದ. ಅದೂ ತೆರೆಯಲಿಲ್ಲ. ಸಿಟ್ಟಿನಿಂದ ಮತ್ತೆ ಮತ್ತೆ ಒತ್ತಿದ. ಕೊನೆಗೆ ಖಾತೆಗೇ ಕೆಲವು ದಿನಗಳ ಮಟ್ಟಿಗೆ ಬೀಗ ಬಿತ್ತು.

ನಾಲ್ಕನೆಯ ದಿನ ಆಸ್ಪತ್ರೆಯ ನರ್ಸ್ ಬಸ್ಸಿಳಿದು ಅಂಗಡಿಗೆ ಬಂದಳು.

"ನಾವು ಬರೆದದ್ದು ತಲುಪಲಿಲ್ಲವೇ, ಸಾಹುಕಾರರೇ? ಔಷಧಿ ಮುಗಿದಿದೆ. ಹಾವು ಕಚ್ಚಿದ ಹೆಂಗಸೊಬ್ಬಳನ್ನು ದೂರದ ಊರಿಗೆ ಸಾಗಿಸಬೇಕಾಯಿತು."

"ಬದುಕಿದಳೇ?"

"ಬದುಕಿದ್ದಾಳೆ. ಕೈ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ."

ವ್ಯಾಪಾರಿ ಕಪಾಟಿನಲ್ಲಿದ್ದ ಔಷಧಿಯನ್ನೆಲ್ಲ ತೆಗೆದು ಕಟ್ಟಿಕೊಟ್ಟ. ಆಮೇಲೆ ಮೆಲ್ಲಗೆ, "ನನ್ನ ಪಾಸ್‌ವರ್ಡ್ ಸರಿಯಾಗಿಯೇ ಇದೆಯಮ್ಮ. ಆದರೂ ಒಳಗೆ ಬಿಡುತ್ತಿಲ್ಲ" ಎಂದ.

"ಅದು ಏನು ಕೇಳುತ್ತಿದೆ?" ಎಂದಳು ಅವಳು.

ಆ ನಾಲ್ಕು ಸಾಲನ್ನು ಅವನು ಓದಿಯೇ ಇರಲಿಲ್ಲ.

ಬೀಗದ ಅವಧಿ ಮುಗಿದ ಮೇಲೆ ವ್ಯಾಪಾರಿ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತ. ಈ ಸಲ ಕೈ ಕಟ್ಟಿಕೊಂಡು ಆ ನಾಲ್ಕು ಸಾಲು ಓದಿದ. ತಂತ್ರಾಂಶದೊಳಗೆ ಪಾಸ್‌ವರ್ಡ್ ಕೊಡುವ ಹಳೆಯ ಕ್ರಮ ನಿಂತಿದೆ, ಹೊಸ ಆವೃತ್ತಿ ಹಾಕಿಕೊಂಡು ಬ್ರೌಸರಿನಲ್ಲಿ ತೆರೆಯುವ ಪುಟದಲ್ಲಿ ಕೊಡಿ, ಬಂದವರು ನೀವೇ ಎಂದು ನಿಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಿ ಎಂದಿತ್ತು. ಹಾಗೆಯೇ ಮಾಡಿದ. ಅದೇ ತಾಯಿಯ ಹೆಸರಿಗೆ ಬಾಗಿಲು ತೆರೆಯಿತು.

ನಿಂತಿದ್ದ ಪತ್ರಗಳೆಲ್ಲ ಒಟ್ಟಿಗೆ ಬಂದವು. ಮೊದಮೊದಲಿನವು ಔಷಧಿ ಕೇಳಿದ್ದವು. ಕೊನೆಯದರಲ್ಲಿ ಔಷಧಿಯ ಮಾತೇ ಇರಲಿಲ್ಲ. "ನಿಮ್ಮಿಂದ ಉತ್ತರವಿಲ್ಲ. ಆರೋಗ್ಯವಾಗಿದ್ದೀರಷ್ಟೇ?" ಎಂದಿತ್ತು. ವ್ಯಾಪಾರಿ ಮೊದಲು ಅದಕ್ಕೇ ಉತ್ತರ ಬರೆದ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪ, "ಆದರೆ ನಾನು ತಮ್ಮನಿಗೆ ಹೇಳುತ್ತಿರುವುದೂ ಸರಿಯಾದದ್ದೇ ಅಲ್ಲವೇ?" ಎಂದ.

"ಸರಿಯಾದದ್ದೇ. ಆದರೆ ಅವನು ಏನು ಕೇಳುತ್ತಿದ್ದಾನೆ?" ಎಂದರು ಗುರುಗಳು.