ಅರ್ಧ ಹೆಜ್ಜೆ ತಡ

"ಗುರುಗಳೇ, ಪ್ರೀತಿಯಿಂದ ಸೋಲುವುದು ತಪ್ಪೇ?" ಎಂದು ಶೇಷಗಿರಿ ಕೇಳಿದ.

ಮರುದಿನ ಪಾಠಶಾಲೆಯಲ್ಲಿ ವಾಕ್ಯಾರ್ಥವಿತ್ತು. ಶಾಸ್ತ್ರದ ಒಂದು ಮಾತನ್ನು ಹಿಡಿದು ಇಬ್ಬರು ಸಭೆಯ ಮುಂದೆ ವಾದಿಸಬೇಕು. ಗೆದ್ದವನಿಗೆ ಅಲ್ಲೇ ಪಾಠ ಹೇಳುವ ಹುದ್ದೆ. ಶೇಷಗಿರಿಯ ಎದುರಾಳಿ ಪ್ರಹ್ಲಾದ. ಇಬ್ಬರೂ ಹನ್ನೆರಡು ವರ್ಷ ಒಂದೇ ಚಾಪೆಯ ಮೇಲೆ ಕೂತು ಓದಿದವರು, ದಿನಾ ಒಬ್ಬರೊಡನೊಬ್ಬರು ವಾದಿಸಿ ಬೆಳೆದವರು. ಪ್ರಹ್ಲಾದನಿಗೆ ಹೆಂಡತಿ, ಇಬ್ಬರು ಮಕ್ಕಳು. ಶೇಷಗಿರಿ ಒಂಟಿ.

"ನಾನು ಒಂದೆರಡು ಪ್ರಶ್ನೆ ಕೇಳದೆ ಬಿಟ್ಟರೆ ಸಾಕು, ಅವನು ಗೆಲ್ಲುತ್ತಾನೆ. ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ನೋವೂ ಇಲ್ಲ," ಎಂದ.

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಫುಟ್‌ಬಾಲ್ ನೋಡುತ್ತೀಯಾ?" ಎಂದರು. ಶೇಷಗಿರಿ ಇಲ್ಲವೆಂದು ತಲೆಯಾಡಿಸಿದ. "ನಾನೂ ಹತ್ತು ಹೆಜ್ಜೆ ಓಡಿದರೆ ಏದುಸಿರು ಬಿಡುವವನೇ. ಆದರೂ ಕೇಳು," ಎಂದು ಹೇಳತೊಡಗಿದರು.

ಕೊರಿಯಾದಲ್ಲಿ ಒಬ್ಬ ಸ್ಟ್ರೈಕರ್ ಇದ್ದ. ಸ್ಟ್ರೈಕರ್ ಎಂದರೆ ಗೋಲು ಹೊಡೆಯುವುದೇ ಕಸುಬಾದವನು. ಹೊಡೆದರೆ ಊರೆಲ್ಲ ಹೆಗಲ ಮೇಲೆ ಹೊರುತ್ತದೆ. ಹೊಡೆಯದಿದ್ದರೆ ಅದೇ ಊರು ಅನ್ನಕ್ಕೆ ದಂಡ, ಭೂಮಿಗೆ ಭಾರ ಎನ್ನುತ್ತದೆ. ಸಮುದ್ರದಂಚಿನ ಒಂದು ಚಿಕ್ಕ ಊರಿನ ಕ್ಲಬ್ಬು ಅವನನ್ನು ಹದಿನೆಂಟನೆಯ ವಯಸ್ಸಿಗೇ ಸೇರಿಸಿಕೊಂಡಿತು. ಮೂರು ವರ್ಷ ಬೆಂಚು ಕಾಯ್ದ. ಮೈದಾನಕ್ಕೆ ಇಳಿದದ್ದಕ್ಕಿಂತ, ಇಳಿದವರಿಗೆ ನೀರು ಕೊಟ್ಟದ್ದೇ ಹೆಚ್ಚು.

ಅದೇ ಕ್ಲಬ್ಬಿನಲ್ಲಿ ಒಬ್ಬ ಡಿಫೆಂಡರ್ ಇದ್ದ. ಎದುರಾಳಿಯ ಗೋಲು ತಡೆಯುವುದು ಅವನ ಕಸುಬು. ಸ್ಟ್ರೈಕರನಿಗಿಂತ ಎಂಟು ವರ್ಷ ದೊಡ್ಡವನು. ಆ ದೇಶದಲ್ಲೂ ನಮ್ಮಂತೆಯೇ, ಹಿರಿಯನನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಅಣ್ಣ ಎನ್ನುತ್ತಾರೆ. ದಿನಾ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅಣ್ಣ ಇವನನ್ನು ನಿಲ್ಲಿಸಿಕೊಳ್ಳುತ್ತಿದ್ದ. ಇವನು ಚೆಂಡು ಹಿಡಿದು ನುಗ್ಗಬೇಕು, ಅವನು ತಡೆಯಬೇಕು. ಮೊದಲ ವರ್ಷ ಅಣ್ಣ ಹತ್ತಕ್ಕೆ ಹತ್ತೂ ತಡೆದ. ಮೂರನೆಯ ವರ್ಷ ಇವನು ಹತ್ತರಲ್ಲಿ ನಾಲ್ಕು ಸಲ ದಾಟಿದ. ಆಗ ಕೋಚ್ ಇವನನ್ನು ಆಡಿಸಿದರು. ಇವನು ಗೋಲು ಹೊಡೆಯತೊಡಗಿದ. ಊರಿನವರು ಇವನ ಮೇಲೆ ಒಂದು ಹಾಡು ಕಟ್ಟಿದರು. ಬಂದರಿನ ಮೀನಂಗಡಿಯವಳು ಇವನಿಗೆಂದೇ ಒಳ್ಳೆಯ ಮೀನು ಎತ್ತಿಡುತ್ತಿದ್ದಳು.

ಇಪ್ಪತ್ತೇಳನೆಯ ವಯಸ್ಸಿಗೆ ಸೈನ್ಯದ ಕರೆ ಬಂತು. ಅಲ್ಲಿ ಮೈಗಟ್ಟಿಯಿರುವ ಗಂಡಸರೆಲ್ಲ ಒಂದಷ್ಟು ಕಾಲ ಸೈನಿಕರಾಗಿ ಇರಬೇಕು. ಆದರೆ ಸೈನ್ಯಕ್ಕೂ ಒಂದು ಫುಟ್‌ಬಾಲ್ ತಂಡವಿದೆ, ಅದೂ ಉಳಿದ ಕ್ಲಬ್ಬುಗಳ ಜೊತೆಗೇ ಲೀಗಿನಲ್ಲಿ ಆಡುತ್ತದೆ. ಒಳ್ಳೆಯ ಆಟಗಾರರು ಒಂದೂವರೆ ವರ್ಷ ಅಲ್ಲಿ ಆಡಿ, ಮತ್ತೆ ತಮ್ಮ ತಮ್ಮ ಕ್ಲಬ್ಬಿಗೆ ಮರಳುತ್ತಾರೆ. ಆ ತಂಡದ್ದೊಂದು ಪದ್ಧತಿ. ಗೋಲು ಹೊಡೆದವನು ಕುಣಿಯುವುದಿಲ್ಲ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾನೆ. ಇವನೂ ತಲೆ ಬೋಳಿಸಿಕೊಂಡು ಹೋದ. ಗೋಲು ಹೊಡೆದ, ಸೆಲ್ಯೂಟ್ ಹೊಡೆದ. ಬರಬರುತ್ತಾ ಕೈ ತಾನಾಗಿಯೇ ಹಣೆಗೆ ಹೋಗುವಷ್ಟು ರೂಢಿಯಾಯಿತು.

ಇತ್ತ ಇವನಿಲ್ಲದ ಕ್ಲಬ್ಬು ಸೋಲುತ್ತಾ ಬಂತು. ಆ ವರ್ಷದ ಕೊನೆಯ ಪಂದ್ಯಕ್ಕೆ ಅದರ ಗತಿ ಹೀಗಾಗಿತ್ತು: ಸೋತರೆ ಕೆಳಗಿನ ದರ್ಜೆಗೆ ಬೀಳಬೇಕು, ಸಮಸಮವಾದರೆ ಉಳಿಯುತ್ತದೆ. ಪಂದ್ಯ ಅದೇ ಊರಿನ ಮೈದಾನದಲ್ಲಿ. ಎದುರಾಳಿ ಸೈನ್ಯದ ತಂಡ. ಸೈನ್ಯದ ತಂಡಕ್ಕೆ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಇವನ ಬಿಡುಗಡೆಗೆ ಇನ್ನು ಹತ್ತೇ ದಿನ. ಮರಳಬೇಕಾದದ್ದು ಅದೇ ಕ್ಲಬ್ಬಿಗೆ. ಕೂತ ಕೊಂಬೆಯನ್ನು ತಾನೇ ಕಡಿಯುವ ಕೆಲಸ ಅವನ ಪಾಲಿಗೆ ಬಂತು.

ಅವನು ಬಹಳ ಯೋಚಿಸಿದ. ಕಾಲು ನೋವೆಂದು ಕೂತುಬಿಡಬಹುದು, ಆದರೆ ಅದು ಸುಳ್ಳು. ಆಡುತ್ತೇನೆ, ಸ್ವಲ್ಪ ಸಡಿಲ ಬಿಟ್ಟು ಆಡುತ್ತೇನೆ ಎಂದುಕೊಂಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಾಪ, ಅದೂ ಸುಳ್ಳೇ ಎಂದು ಅವನಿಗೆ ಅನ್ನಿಸಲಿಲ್ಲ. ಪ್ರೀತಿ ಎಂದೇ ಅನ್ನಿಸಿತು.

ಮೊದಲರ್ಧದಲ್ಲಿ ಪ್ರತಿ ಚೆಂಡಿಗೂ ಅವನು ಅರ್ಧ ಹೆಜ್ಜೆ ತಡವಾಗಿ ಬಂದ. ಅರ್ಧ ಹೆಜ್ಜೆ, ಅಷ್ಟೇ. ಬೆವರೂ ಸುರಿಯಿತು, ಮುಖವೂ ಕೆಂಪಾಯಿತು. ಅವನನ್ನು ನಂಬಿ ಇಳಿಸಿದ್ದ ಸೈನ್ಯದ ಕೋಚ್‌ಗೆ ತಿಳಿಯಲಿಲ್ಲ. ಹತ್ತು ಸಾವಿರ ಜನಕ್ಕೆ ತಿಳಿಯಲಿಲ್ಲ. ಅಣ್ಣ ಆರು ಸಲ ಇವನ ಕಾಲಿನಿಂದ ಚೆಂಡು ಕಸಿದ. ಆರು ಸಲವೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂವತ್ತಾರರ ಅಣ್ಣನಿಗೆ ಅದೇ ಕೊನೆಯ ಪಂದ್ಯ. ಅಣ್ಣನಿಗೆ ಒಳ್ಳೆಯ ಬೀಳ್ಕೊಡುಗೆ ಕೊಟ್ಟೆ ಎಂದು ಇವನು ಒಳಗೊಳಗೇ ಸುಖಪಟ್ಟ.

ವಿರಾಮಕ್ಕೆ ಒಳಗೆ ಹೋಗುವ ದಾರಿಯಲ್ಲಿ ಅಣ್ಣ ಇವನ ತೋಳು ಹಿಡಿದು ನಿಲ್ಲಿಸಿದ. ಅವನ ಕಣ್ಣಲ್ಲಿ ನೀರಿತ್ತು.

"ಇಷ್ಟು ವರ್ಷ ನಿನ್ನ ಹಿಂದೆ ಓಡಿದೀನಿ ಕಣೋ. ನಿನ್ನ ಹೆಜ್ಜೆ ನನಗೆ ಗೊತ್ತಿಲ್ವಾ?"

"ಅಣ್ಣ, ನಮ್ಮ ಕ್ಲಬ್ಬು ಉಳೀಲಿ ಅಂತ..."

"ಉಳಿಸೋದು ನನ್ನ ಕೆಲಸ. ಇವತ್ತು ನೀನು ಬಿಟ್ಕೊಟ್ರೆ, ಆವತ್ತು ಅಭ್ಯಾಸದಲ್ಲಿ ನಾನು ತಡೆದದ್ದೂ ನೀನು ಬಿಟ್ಕೊಟ್ಟಿದ್ದೇ ಇರ್ಬೇಕು ಅನ್ಸುತ್ತೆ. ಆಮೇಲೆ ನನ್ನದು ಅಂತ ಏನುಳೀತು ಹೇಳು."

ಅಣ್ಣ ತೋಳು ಬಿಟ್ಟು ಹೊರಟುಹೋದ. ಇವನು ಒಳಗೆ ಹೋಗಿ ಬೂಟಿನ ದಾರ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡ.

ಎರಡನೆಯ ಅರ್ಧದಲ್ಲಿ ಪೂರ್ತಿ ಓಡಿದ. ಅಣ್ಣ ಮೊದಲ ಸಲ ತಡೆದ. ಎರಡನೆಯ ಸಲವೂ ತಡೆದ. ಮೂರನೆಯ ಸಲ ಹುಲ್ಲಿನ ಮೇಲೆ ಜಾರಿ, ಕಾಲು ಚಾಚಿ ಚೆಂಡನ್ನು ಹೊರಗಟ್ಟಿದ; ಏಳುವಾಗ ಅವನ ಮುಖದಲ್ಲಿ ನಗುವಿತ್ತು. ಪಂದ್ಯ ಮುಗಿಯಲು ನಾಲ್ಕು ನಿಮಿಷವಿತ್ತು, ಎರಡೂ ಕಡೆ ಇನ್ನೂ ಗೋಲಾಗಿರಲಿಲ್ಲ; ಇವನು ಮತ್ತೆ ನುಗ್ಗಿದ. ಈ ಸಲ ದಾಟಿದ. ಗೋಲಾಯಿತು.

ತಿರುಗಿ ನೋಡಿದ. ಅಣ್ಣ ನೆಲದ ಮೇಲೆ ಕೂತಿದ್ದ. ಇವನ ಎದೆ ತುಂಬಿ ಬಂತು, ಕೈ ತಾನಾಗಿಯೇ ಹಣೆಗೆ ಹೋಯಿತು. ಆ ಸೆಲ್ಯೂಟ್ ಅಣ್ಣನಿಗೆ. ಆದರೆ ಅಣ್ಣನ ಹಿಂದೆ ಗ್ಯಾಲರಿಯ ತುಂಬ ಆ ಊರಿನ ಜನ ಕೂತಿದ್ದರು. ತಮ್ಮನ್ನು ಕೆಳಗೆ ತಳ್ಳಿ, ತಮ್ಮನ್ನೇ ಅಣಕಿಸುತ್ತಿದ್ದಾನೆ ಎಂದು ಅವರು ತಿಳಿದರು. ಉಂಡ ಮನೆಯ ಜಂತೆ ಎಣಿಸಿದ ಎಂದು ಬೈದರು. ಕ್ಲಬ್ಬು ಬಿತ್ತು.

ಹತ್ತು ದಿನಕ್ಕೆ ಸೈನ್ಯದಿಂದ ಬಿಡುಗಡೆಯಾಯಿತು. ದೊಡ್ಡ ಕ್ಲಬ್ಬುಗಳು ಕರೆದವು. ಹೋಗಲಿಲ್ಲ, ಬಿದ್ದ ಕ್ಲಬ್ಬಿಗೇ ಬಂದ. ಮೊದಲ ಪಂದ್ಯಕ್ಕೆ ಇಳಿದಾಗ ಜನ ಎದ್ದು, ಮೈದಾನಕ್ಕೆ ಬೆನ್ನು ಹಾಕಿ ನಿಂತರು. ಹಾಡು ನಿಂತಿತು. ಮೀನಂಗಡಿಯವಳು ಇವನನ್ನು ಕಂಡು ಮೀನು ಮುಗಿಯಿತು ಎಂದಳು; ಬುಟ್ಟಿ ತುಂಬಿತ್ತು. ಆ ಬೆನ್ನುಗಳ ಮುಂದೆಯೇ ಅವನು ಮೂರು ವರ್ಷ ಗೋಲು ಹೊಡೆದ. ಸೆಲ್ಯೂಟ್ ಯಾರಿಗೆ ಎಂದು ಯಾರಿಗೂ ವಿವರಿಸಲು ಹೋಗಲಿಲ್ಲ. ವಿವರಿಸಿದ್ದರೆ ಮೊದಲರ್ಧದ ಕತೆಯನ್ನೂ ಹೇಳಬೇಕಾಗುತ್ತಿತ್ತು. ಮೂರನೆಯ ವರ್ಷ ಕ್ಲಬ್ಬು ಮತ್ತೆ ಮೇಲೆ ಬಂತು. ಕೆಲವರು ಮೈದಾನದತ್ತ ತಿರುಗಿ ನೋಡಿದರು. ಕೆಲವರು ಕೊನೆಯವರೆಗೂ ನೋಡಲಿಲ್ಲ.

ಆಟ ಬಿಡುವ ದಿನ ಪತ್ರಿಕೆಯವನೊಬ್ಬ, ಈಗಲಾದರೂ ಆ ಗೋಲಿಗೆ ಕ್ಷಮೆ ಕೇಳುತ್ತೀರಾ ಎಂದ. ಗೋಲಿಗಲ್ಲ, ಮೊದಲರ್ಧದ ನಲವತ್ತೈದು ನಿಮಿಷಕ್ಕೆ ಕೇಳುತ್ತೇನೆ ಎಂದ ಇವನು. ಪತ್ರಿಕೆಯವನಿಗೆ ತಲೆಬುಡ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ಕಣ್ಣೊರೆಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶೇಷಗಿರಿ ಚಾಪೆಯ ಅಂಚಿನಿಂದ ಒಂದು ಎಳೆ ಕಿತ್ತ.

"ಆದರೂ ಗುರುಗಳೇ," ಎಂದ, "ಅವನು ಬಿಟ್ಟುಕೊಟ್ಟದ್ದು ಆ ಒಬ್ಬನನ್ನು ಬಿಟ್ಟು ಬೇರೆ ಯಾರಿಗೂ ತಿಳಿಯಲಿಲ್ಲವಲ್ಲ?"

ಗುರುಗಳು ಕನ್ನಡಕ ಹಾಕಿಕೊಂಡರು.

"ನಾಳೆ ನಿನ್ನ ಎದುರಿಗೆ ಕೂರುವವನು ಆ ಒಬ್ಬನೇ ಅಲ್ಲವೇನಪ್ಪ?"