ಕುಂಬಳಕಾಯಿ ಗಾತ್ರದ ಬೋಂಡ

ದಿನನಿತ್ಯದ ತಿಂಡಿಗಳನ್ನು ದೈತ್ಯಾಕಾರದಲ್ಲಿ ಮಾಡಿ ತೋರಿಸುವ ತನ್ನ ಜಾಲತಾಣಕ್ಕಾಗಿ ವಿನುತಾ ಕುಂಬಳಕಾಯಿ ಗಾತ್ರದ ಬೋಂಡ ಕರಿದಳು. ಮನೆಯಲ್ಲಿದ್ದ ಹಿಟ್ಟೆಲ್ಲ ಅದೊಂದಕ್ಕೇ ಮುಗಿಯಿತು. ತಟ್ಟೆಗೆ ಬಂದ ಬೋಂಡ ಪಕ್ಕದ ಚಟ್ನಿಯನ್ನು ನೋಡಿ, "ನಿನಗೆ ಇಲ್ಲಿ ಏನು ಕೆಲಸ? ನನ್ನನ್ನು ನಿನ್ನ ಬಟ್ಟಲಲ್ಲಿ ಅದ್ದಲು ಸಾಧ್ಯವೇ?" ಎಂದಿತು.

"ಸಾಧ್ಯವಿಲ್ಲ," ಎಂದಿತು ಚಟ್ನಿ. "ಆದರೆ ನಿನ್ನನ್ನು ತಿಂದರೆ ತಾನೇ ಮಾರಾಯ, ನನ್ನನ್ನೂ ತಿನ್ನುವುದು. ಒಳಗೆ ಬೆಂದಿದ್ದೀಯಾ?"

"ಒಳಗನ್ನು ಯಾರು ನೋಡುತ್ತಾರೆ? ಸಾವಿರಾರು ಜನ ನನ್ನ ಫೋಟೊ ನೋಡುತ್ತಾರೆ."

"ಅವರು ನೋಡಲಿ. ತಿನ್ನಬೇಕಾದವರು ಈ ಮನೆಯವರು. ಮಧ್ಯಾಹ್ನದಿಂದ ಹಸಿದು ಕೂತಿದ್ದಾರೆ."

ಫೋಟೊ ತೆಗೆದಾದ ಮೇಲೆ ವಿನುತಾಳ ಗಂಡ ಚಾಕು ಹಾಕಿದ. ಹೊರಗೆ ಹೊಂಬಣ್ಣ, ಒಳಗಿನಿಂದ ಹಸಿ ಹಿಟ್ಟು ತಟ್ಟೆಗೆ ಇಳಿಯಿತು.

"ಇದನ್ನ ಹೇಗೆ ತಿನ್ನೋದು?"

"ಬಿಡಿ, ಕತ್ತರಿಸೋಕೆ ಮುಂಚಿನ ಫೋಟೊ ಹಾಕಿಯಾಯ್ತು. ರುಚಿ ಬಗ್ಗೆ ಒಂದು ಮಾತು ಬರೀಬೇಕು."

"ಸೂಪರ್ ಅಂತ ಬರಿ," ಎನ್ನುತ್ತ ಅವನು ಬೋಂಡವನ್ನು ಕಸದ ಬಕೆಟ್ಟಿಗೆ ಹಾಕಿದ.

ಚಟ್ನಿ ಚೆನ್ನಾಗಿಯೇ ಇತ್ತು. ಅದರಲ್ಲಿ ಅದ್ದಿ ತಿನ್ನಲು ಮನೆಯಲ್ಲಿ ಏನೂ ಉಳಿದಿರಲಿಲ್ಲವಾದ್ದರಿಂದ, ಅದನ್ನೂ ಬೋಂಡದ ಮೇಲೆಯೇ ಸುರಿದ.