ಬಲಗಡೆಯ ಮಡ್‌ಗಾರ್ಡ್

“ಗುರುಗಳೇ, ತಮ್ಮಂತೆ ಆಗಲು ನನ್ನಲ್ಲಿ ಇನ್ನೇನು ಕೊರತೆ ಇದೆ?” ಎಂದು ಶಿಷ್ಯ ಕೇಳಿದ.

ಒಂಬತ್ತು ವರ್ಷದಿಂದ ಅವನು ಮಠದಲ್ಲಿದ್ದ. ಗುರುಗಳು ಏಳುವ ಹೊತ್ತಿಗೆ ಏಳುತ್ತಿದ್ದ. ಅವರು ಉಪ್ಪು ಬಿಟ್ಟ ವರ್ಷ ತಾನೂ ಬಿಟ್ಟಿದ್ದ. ಉತ್ತರ ಹೇಳುವ ಮುಂಚೆ ಗುರುಗಳು ಒಮ್ಮೆ ಕೆಮ್ಮುತ್ತಿದ್ದರು. ಈಚೆಗೆ ಅವನಿಗೂ ಆ ಕೆಮ್ಮು ಬರುತ್ತಿತ್ತು.

ಆ ದಿನ ಬೆಳಿಗ್ಗೆ ಅವನ ಅಕ್ಕ ಬಂದು ಜಗಲಿಯಲ್ಲಿ ಕೂತಿದ್ದಳು. ಅಪ್ಪ ಎರಡು ದಿನದಿಂದ ನೀರು ಬಿಟ್ಟರೆ ಏನೂ ಮುಟ್ಟಿಲ್ಲ, ನಿನ್ನನ್ನೇ ಕೇಳುತ್ತಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ಹೊರಡು ಎಂದಿದ್ದಳು. ಅವನು ಬರುವುದಿಲ್ಲ ಎಂದಿದ್ದ. ಗುರುಗಳು ತಮ್ಮ ತಂದೆಯ ಕೊನೆಗಾಲಕ್ಕೆ ಹೋಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಭಕ್ತರು ಆ ಸಂಗತಿಯನ್ನು ಕೈಮುಗಿದುಕೊಂಡೇ ಹೇಳುತ್ತಿದ್ದರು.

ಗುರುಗಳು ಕೆಮ್ಮಿದರು. ಅಕ್ಕ ತಿಂಡಿ ತಿಂದಳೋ ಎಂದು ವಿಚಾರಿಸಿದರು. ಕೊಟ್ಟಿದ್ದೇವೆ, ಮುಟ್ಟಿಲ್ಲ ಎಂದ ಶಿಷ್ಯ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಟಿಂಕರ್ ಇದ್ದ. ಕಾರುಗಳ ತಗಡನ್ನು ತಟ್ಟಿ ರೂಪಕ್ಕೆ ತರುವುದು ಅವನ ಕಸುಬು. ಅವನಲ್ಲಿ ಯಂತ್ರವಿರಲಿಲ್ಲ. ಒಂದು ಮರದ ಕೊಡತಿ, ಒಂದು ಸುತ್ತಿಗೆ, ಮರಳು ತುಂಬಿದ ಚೀಲ, ನಡುವೆ ಗುಳಿ ತೋಡಿದ ಹುಣಸೆಯ ಕೊರಡು, ಇಷ್ಟೇ. ಇಷ್ಟರಲ್ಲೇ ಮೂವತ್ತು ವರ್ಷ ಕೆಲಸ ಮಾಡಿದ್ದ. ತಟ್ಟಿದ್ದು ಸಮವಾಯಿತೋ ಇಲ್ಲವೋ ಎಂದು ಅವನು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಅಂಗೈಯಿಂದ ಸವರಿ ತಿಳಿಯುತ್ತಿದ್ದ.

ಒಬ್ಬ ಡಾಕ್ಟರಮ್ಮ ತನ್ನ ಹಳೆಯ ಕಾರನ್ನು ತಂದು ನಿಲ್ಲಿಸಿದಳು. ಎಡಗಡೆಯ ಮುಂದಿನ ಮಡ್‌ಗಾರ್ಡ್ ತುಕ್ಕು ತಿಂದು ಉದುರಿಹೋಗಿತ್ತು. ಆ ಕಾರಿನ ಭಾಗಗಳು ಈಗ ಎಲ್ಲೂ ಸಿಗುವುದಿಲ್ಲ. ನಿನ್ನ ಕೈಯಲ್ಲಾದರೆ ಆಯಿತು, ಇಲ್ಲದಿದ್ದರೆ ಗುಜರಿಗೆ ಹಾಕುತ್ತೇನೆ ಎಂದಳು. ಟಿಂಕರ್ ಒಪ್ಪಿಕೊಂಡ.

ಅವರ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಒಂದು ಬದಿ ಹೋದರೆ ಇನ್ನೊಂದು ಬದಿಯಿಂದ ಅಳತೆ ತೆಗೆಯುತ್ತಾರೆ. ಚೆನ್ನಾಗಿರುವ ಕಡೆಯ ಮೇಲೆ ಹಳೆಯ ಪೇಪರು ಹಾಸಿ, ಉಬ್ಬುತಗ್ಗಿಗೆ ಸರಿಯಾಗಿ ಕತ್ತರಿಸಿ, ಆಮೇಲೆ ಅದನ್ನೇ ಮಗುಚಿದರೆ ಈ ಕಡೆಯ ಅಳತೆ ಬರುತ್ತದೆ. ಬಲಗಡೆಯ ಮಡ್‌ಗಾರ್ಡ್ ಹೊಳೆಯುತ್ತಿತ್ತು. ಅವನು ಅದರ ಮೇಲೆ ಪೇಪರು ಹಾಸಿದ. ಹಾಗೆಯೇ ಕತ್ತರಿಸಿದ, ಹಾಗೆಯೇ ತಟ್ಟಿದ. ತಂದು ಕೂರಿಸಿದರೆ ಬಾನೆಟ್ ಮುಚ್ಚಲಿಲ್ಲ. ಒಂದು ಬೆರಳಿನಷ್ಟು ಎತ್ತರ ಉಳಿಯಿತು.

ತಪ್ಪು ತನ್ನದೇ ಎಂದುಕೊಂಡು ಮತ್ತೆ ತಟ್ಟಿದ. ಹೆಚ್ಚು ತಟ್ಟಿದ ತಗಡು ತೆಳ್ಳಗಾಗುತ್ತದೆ. ಅದು ಹರಿಯಿತು. ಹೊಸ ತಗಡು ತಂದು ಎರಡನೆಯದನ್ನು ಮಾಡಿದ. ಅಂಗೈಯಿಂದ ಎರಡೂ ಬದಿ ಸವರಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಾನೆಟ್ ಮಾತ್ರ ಮುಚ್ಚಲಿಲ್ಲ. ಅವನು ಕೊಡತಿ ಕೆಳಗಿಟ್ಟ. ನನ್ನ ಕೈ ಹೋಯಿತು, ಇನ್ನು ಈ ಕೆಲಸ ಸಾಕು ಎಂದು ನಿಶ್ಚಯಿಸಿ ಡಾಕ್ಟರಮ್ಮನಿಗೆ ಹೇಳಿಕಳಿಸಿದ.

ಅವಳು ಬಂದಳು. ಕಾರನ್ನು ಗುಜರಿಗೆ ಹಾಕಿಬಿಡಿ, ನನ್ನಿಂದ ಆಗಲಿಲ್ಲ, ಬಲಗಡೆ ಇದ್ದ ಹಾಗೇ ಮಾಡಿದರೂ ಕೂರುತ್ತಿಲ್ಲ ಎಂದ.

“ಆ ಕಡೆ ಇದ್ದ ಹಾಗಾ?” ಎಂದಳು ಡಾಕ್ಟರಮ್ಮ. “ಅದು ನಮ್ಮನೆಯವರು ಕಾರು ಕಲಿಯುವಾಗ ಬಾವಿಕಟ್ಟೆಗೆ ಗುದ್ದಿದ್ದಲ್ವೇನಪ್ಪಾ. ನಿನ್ನ ಹಾಗೇ ಯಾರೋ ಒಬ್ಬರು ತಟ್ಟಿಕೊಟ್ಟರು. ಬಾನೆಟ್ಟನ್ನೂ ಆ ಕಡೆ ಸ್ವಲ್ಪ ಬಗ್ಗಿಸಿ ಹೊಂದಿಸಿದರು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.”

ಟಿಂಕರ್ ನೆಲದ ಮೇಲೆ ಕೂತು ಬಲಗಡೆಯ ಮಡ್‌ಗಾರ್ಡಿನ ಅಡಿಗೆ ಕೈ ಹಾಕಿದ. ಒಳಗೆಲ್ಲ ಹಳೆಯ ಸುತ್ತಿಗೆಯ ಗುರುತುಗಳು ಕೈಗೆ ಸಿಕ್ಕಿದವು. ಮೇಲ್ಗಡೆ ನೂರು ಸಲ ಸವರಿದ್ದ. ಒಳಗೆ ಒಮ್ಮೆಯೂ ಮುಟ್ಟಿರಲಿಲ್ಲ.

ಪೇಪರನ್ನು ಹರಿದು ಹಾಕಿದ. ಎಡಗಡೆಯ ಬಾಗಿಲು ಎಲ್ಲಿ ಮುಗಿಯುತ್ತದೆ, ಬಾನೆಟ್ಟಿನ ಎಡ ಅಂಚು ಎಲ್ಲಿ ಬಂದು ಕೂರುತ್ತದೆ ಎಂದು ನೋಡಿಕೊಂಡ. ಆ ಜಾಗ ಏನು ಕೇಳುತ್ತದೋ ಅದಕ್ಕೆ ತಕ್ಕಂತೆ ಮೂರನೆಯ ತಗಡನ್ನು ತಟ್ಟಿದ. ಬಾನೆಟ್ ಸದ್ದಿಲ್ಲದೆ ಮುಚ್ಚಿಕೊಂಡಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಬಲಗಡೆಯದನ್ನು ಏನು ಮಾಡಿದ?” ಎಂದು ಶಿಷ್ಯ ಕೇಳಿದ. “ಅದನ್ನೂ ಸರಿ ಮಾಡಿದನೇ?”

“ಇಲ್ಲ, ಹಾಗೇ ಬಿಟ್ಟ. ಅದು ಪೆಟ್ಟು ತಿಂದೇ ಅಷ್ಟು ವರ್ಷ ಓಡಿತ್ತು. ಇನ್ನೂ ಓಡುತ್ತದೆ. ಆದರೆ ಅದರ ಮೇಲೆ ಯಾರೂ ಪೇಪರು ಹಾಸಬಾರದು, ಅಷ್ಟೇ.”

ಜಗಲಿಯಲ್ಲಿ ಅಕ್ಕ ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಗುರುಗಳು ಆ ಕಡೆ ನೋಡಿದರು.

“ನಮ್ಮಪ್ಪ ಸಾಯುವಾಗ ನಾನು ಹೋಗಲಿಲ್ಲವಲ್ಲ, ಅದು ವೈರಾಗ್ಯವಲ್ಲಪ್ಪಾ, ನನಗೆ ಬಿದ್ದ ಪೆಟ್ಟು.”

ಶಿಷ್ಯ ಎದ್ದು ಜಗಲಿಗೆ ಹೋಗಿ ಅಕ್ಕನ ಹೆಗಲಿನ ಚೀಲ ತೆಗೆದುಕೊಂಡು, ನಾನೂ ಬರುತ್ತೇನೆ ಎಂದ. ಅವನಿಗೆ ಕೆಮ್ಮು ಬರಲಿಲ್ಲ.